ಚಂದಪ್ಪನ್ನ ಕರಕೊಂಡ ಬರೂದು

ಅಕ್ಕಲಕೋಟಿ ಮೈಂದರ್ಗಿ ನಾಕಾದಾಗ ನಮ್ಮ ಕ್ರೇನು ನಿಂತಿರತದ.
ಮಗ್ಗಲಕ ತಗಡಿನ ಖೋಲಿ, ಒಂದು ಫೋನು,
ಅಂಗಡಿ ಮುಚ್ಚಿದ ಸೈಬರ್ ಕೆಫೆದಂವ
ಬಾಕಿ ಬದಲಿ ಕೊಟ್ಟ ಕಂಪ್ಯೂಟರು.
ಅದರಾಗ ಮಲಿಕಜಾನ ರಾಕೆಟ್ ಆಟ ಹಾಕ್ಯಾನ.
ರಾತ್ರಿ ಯಾರರೆ ಎಲ್ಲರೆ ಪಲ್ಟಿ ಆಗೂತನಕ
ನಮಗೇನು ಕೆಲಸ?

ಮೊದಲನೇದಂವಗ ಚಂದಪ್ಪ ಅಂತ ಹೆಸರಿಟ್ಟೆ.
ಚಂದ್ರಗ ಹೋಗಾಂವ, ಮತ್ತೇನಿಡಲಿ.
ಛಲೋ ಇಳದ, ನಾಕೂ ಕಾಲು ಸಮ.
ಹೊಳ್ಳಿ ಏಳಬೇಕಂದ್ರ ಟಾಂಕಿ ಖಾಲಿ.
ಇಳಿಯೂದಕ್ಕಽ ಎಲ್ಲಾ ಸುಟ್ಟಿದ್ದೆ,
ಮನಿಗೆ ಬರೂ ಎಣ್ಣಿ ಲೆಕ್ಕ ಹಿಡದಿದ್ದಿಲ್ಲ.
ಮಲಿಕ ನಕ್ಕ: "ಅಣ್ಣಾ, ಇಪ್ಪತ್ತು ವರ್ಷ
ಮಂದಿ ಗಾಡಿ ಎಳದಿ, ಈಗ ನಿಂದಽ..."

ನಮ್ಮ ಧಂದೇದಾಗ ಒಂದಽ ಶಾಸ್ತ್ರ:
ಎತ್ತಾಕ ಹೋದ ಗಾಡಿ ತಾನು ಹುಗೀಬಾರದು.
ಮಳಿ ಆದ ಎರಿಭೂಮಿ ಬಾಯಿ ತಕ್ಕೊಂಡು ಕುಂತಿರತದ;
ಮೊದಲ ಕಲ್ಲು ಹಾಕು, ಹಲಗಿ ಹಾಸು,
ಆಮ್ಯಾಲ ಹಗ್ಗ ಬಿಗಿ.
ಚಂದ್ರನ ಮ್ಯಾಲ ಹಲಗಿ ಎಲ್ಲಿಂದ ತರಲಿ?
ಎರಡನೇ ರಾಕೆಟ್ಟು ಹನ್ನೊಂದು ಕಿಲೋಮೀಟರ್ ಆಚೆ ಇಳದು
ಕಾಲು ಮುರಕೊಂಡು ಮಗ್ಗಲಾತು.
ಒಳಗ ಲಾಯಪ್ಪ. ಜೀವಂತ ಅದಾನ,
ಕಿಟಕ್ಯಾಗ ಹಲ್ಲು ಕಿಸೀತಾನ.

ಮೂರನೇ ಸರ್ತಿ ಶಾಣ್ಯಾ ಆದೆ. ಎಣ್ಣಿ ಟಾಂಕಿ ಮೊದಲಽ ಕಳಿಸಿ
ಮ್ಯಾಲ ಸುತ್ತಾಕ ಬಿಟ್ಟೆ.
ಅದು ಮುಂದ, ನಾ ಹಿಂದ.
ಬೆನ್ನ ಹತ್ತೂಣಂತ ಜೋರ ಮಾಡಿದೆ,
ಮಾಡಿದಷ್ಟೂ ದೂರ ಸರೀತದ.
"ಬ್ರೇಕ್ ಹಾಕಣ್ಣಾ," ಅಂದ ಮಲಿಕ.
"ಹಿಂದ ಉಳದಂವ ಬ್ರೇಕ್ ಹಾಕಬೇಕು.
ಹಾಕಿದ್ರ ಕೆಳಗ ಇಳೀತಿ, ಕೆಳಗಿನ ದಾರಿ ಸಣ್ಣದು,
ಅಲ್ಲಿ ಓಟ ಹೆಚ್ಚು."
ಸೋಲಾಪುರ ರೋಡಿನಾಗ ಹಿಂಗ ಹೇಳಿದ್ರ
ಲೈಸನ್ಸ್ ಕಸಗೋತಾರ.
ಹಾಕಿದೆ. ಖರೇನ ಸಿಕ್ತು.
ಇಳದದ್ದು ಚಂದಪ್ಪನಿಂದ ಮುನ್ನೂರು ಹೆಜ್ಜಿ.
ಅಂವ ಕುಣಕೋತ ಬಂದ. ಬಾಗಿಲಾ ತಗದ್ರ
ಕುರ್ಚಿ ಒಂದಽ. ಅದರಾಗ ಡ್ರೈವರ್ ಅಮೋಗಿ.

ಅಮೋಗಿ ಒಬ್ಬನಽ ಹೊಳ್ಳಿ ಬರಬಹುದಿತ್ತು,
ಎಣ್ಣಿ ಇತ್ತು.
ನನಗ ಬಟನ್ ಒತ್ತಾಕ ಮನಸಾಗಲಿಲ್ಲ.
ಆಗ ಫೋನು ಹೊಡಕೊಂತು:
ವಾಗ್ದರಿ ದಾಟಿ, ಉಳ್ಳಾಗಡ್ಡಿ ಲಾರಿ.

ಡ್ರೈವರ ಮೋರಿ ಕಟ್ಟಿಮ್ಯಾಲ ಕುಂತಿದ್ದ,
ಮೊಬೈಲ್ ಬ್ಯಾಟರಿ ಹಚ್ಚಿಕೊಂಡು.
ಕಂಟಿ ತುಂಬ ಉಳ್ಳಾಗಡ್ಡಿ, ಗಾಳಿ ತುಂಬ ಅದರ ಘಾಟು.
ಊರು ಎರಡಽ ಕಿಲೋಮೀಟರ್,
ನಡದು ಹೋಗಿ ಮಲಗಬಹುದಿತ್ತು.
"ಗಾಡಿ ಬಿಟ್ಟು ಹೆಂಗ ಹೋಗ್ಲಿ ದಾದಾ?"
ಹಲಗಿ ಹಾಸಿದೆ. ಹಗ್ಗ ಬಿಗದೆ.
ಎತ್ತೂ ಮುಂದ ಅಂವ ತಗಡ ಮುಟ್ಟಿ
ಈಯೂ ಎಮ್ಮಿನ್ನ ಮಾತಾಡಿಸಿದಂಗ
ಮರಾಠಿಯೊಳಗ ಏನೋ ಅಂತಿದ್ದ.
ಬ್ಯಾಡ ಅಂದ್ರೂ ನನ್ನ ಸೀಟಿನ ಮ್ಯಾಲ
ಒಂದು ಚೀಲ ಉಳ್ಳಾಗಡ್ಡಿ ಇಟ್ಟ.

ಹೊಳ್ಳಿ ಬರೂದರಾಗ ಬೆಳಕ ಹರದಿತ್ತು.
ಮಲಿಕ ಮಲಗಿದ್ದಿಲ್ಲ, ಕಣ್ಣು ಕೆಂಪ.
ನಾಲ್ಕನೇ ರಾಕೆಟ್ಟು, ಮೂರು ಕುರ್ಚಿ,
ಡ್ರೈವರ ಇಲ್ಲದಽ ಕಳಿಸಿ ಇಳಿಸಿದ್ದ.
ಲಾಯಪ್ಪನ್ನ ಹನ್ನೊಂದೂ ಕಿಲೋಮೀಟರ್ ನಡಸಿದ್ದ,
ರಾತ್ರಿಪೂರ್ತಿ, ಒಂದಽ ಬಟನ್ ಒತ್ತಿ ಹಿಡದು.
ಮೂವರೂ ಬುಡಕ ನಿಂತಾರ, ಬಸ್ಸಿಗೆ ನಿಂತಂಗ.
"ಏಣಿ ಗಿಡ್ಡ ಆತಣ್ಣಾ," ಅಂದ, ಅಳಾಕ ಬಂದಿದ್ದ.

ನೋಡಿದೆ. ಏಣಿ ಕೆಳಗಿನ ಮೆಟ್ಟಲಾ
ಎರಡಾಳು ಎತ್ತರ.
ಅಲ್ಲಿ ಮೈಭಾರ ಆರರಾಗ ಒಂದು ಪಾಲು,
ಜಿನ್ನಿಂಗ್ ಮಿಲ್ಲಿನಾಗ ಅರಳಿ ತೇಲಿದಂಗ.
"ಓಡಸಬ್ಯಾಡ," ಅಂದೆ. "ಬುಡಕ್ಕ ಹೋಗಿ ನಿಲ್ಲಿಸು.
ಹಾಂ. ಈಗ."

ಚಂದಪ್ಪ ಜಿಗದ.

ಹೊರಗ ಚಾದ ಹುಡುಗ ಗ್ಲಾಸು ಇಟ್ಟು ಹ್ವಾದ.
ಇನ್ನೂ ಇಳದಿಲ್ಲ.